ನೆನಪಿಲ್ಲದ ತಿನಿಸು

ಲೈಕ್ವಾನ್ ಅತ್ತೆಗೆ ವಾಸನೆ ಹಿಡಿಯುವ ಶಕ್ತಿ ಹೋಗಿದೆಯೆಂದು ನಮಗೆ ಗೊತ್ತಾದದ್ದು ಒಂದು ಭಾನುವಾರದ ಮಧ್ಯಾಹ್ನ. ನಾನು ನೆಲಮಾಳಿಗೆಯಲ್ಲಿ ಯಂತ್ರಕ್ಕೆ ಬಟ್ಟೆ ತುಂಬಿ ಮೇಲೆ ಬಂದೆ. ಅಡುಗೆಮನೆಯ ಬಾಗಿಲಲ್ಲೇ ಗ್ಯಾಸಿನ ವಾಸನೆ ಮುಖಕ್ಕೆ ಬಡಿಯಿತು. ಒಲೆಯ ಮೇಲಿದ್ದ ಗಂಜಿ ಉಕ್ಕಿ ಉರಿ ಆರಿಹೋಗಿತ್ತು. ಗ್ಯಾಸು ಮಾತ್ರ ಸುಯ್ಯೆಂದು ಬರುತ್ತಲೇ ಇತ್ತು. ಅತ್ತೆ ಅದರ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ನೆಮ್ಮದಿಯಾಗಿ ಬಟಾಣಿ ಸುಲಿಯುತ್ತಿದ್ದರು.

ನಾನು ಓಡಿಹೋಗಿ ಗ್ಯಾಸು ಬಂದ್ ಮಾಡಿ, ಕಿಟಕಿಗಳನ್ನೆಲ್ಲ ತೆರೆದು, ಅವರ ರಟ್ಟೆ ಹಿಡಿದು ಹಿತ್ತಲಿಗೆ ಎಳೆದೊಯ್ದೆ.

"ಅತ್ತೆ, ಮನೆ ತುಂಬಾ ಗ್ಯಾಸು! ವಾಸನೆ ಬರ್ಲಿಲ್ವಾ ನಿಮಗೆ?"

ಅವರು ಕೈಯಲ್ಲಿ ಉಳಿದಿದ್ದ ಬಟಾಣಿ ಸಿಪ್ಪೆಯನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. ಆಮೇಲೆ ಅದನ್ನು ಹುಲ್ಲಿನ ಮೇಲೆ ಎಸೆದರು.

"ಚಳಿಗಾಲದಲ್ಲಿ ಜ್ವರ ಬಂದಿತ್ತಲ್ಲ, ಆವಾಗ್ಲೇ ಹೋಯ್ತು ಕಣೆ ಕಾಯಿಂಗ್. ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಕಾಯ್ತಾ ಇದ್ದೆ."

ಕೆಲವು ತಿಂಗಳಿಂದ ಅವರ ಅಡುಗೆಯಲ್ಲಿ ಉಪ್ಪು ಏರುತ್ತಿತ್ತು. ಒಂದು ಸಲ ಹಳಸಿದ ಹಂದಿಮಾಂಸವೇ ಸಾರಿಗೆ ಬಿದ್ದಿತ್ತು. ವಯಸ್ಸಾಯಿತಲ್ಲ ಎಂದು ನಾವು ಗಂಡಹೆಂಡಿರು ಮೆಲ್ಲಗೆ ಮಾತಾಡಿಕೊಂಡು, ತುಟಿ ಪಿಟ್ಟೆನ್ನದೆ ಉಂಡಿದ್ದೆವು.

ಅತ್ತೆ ನನ್ನಪ್ಪನ ಅಕ್ಕ. ನಾನು ಹಾಲುಹಲ್ಲು ಬೀಳುವ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡೆ. ಆಮೇಲೆ ನನ್ನನ್ನು ಸಾಕಿದವರು ಅವರೇ. ಚೀನಾದ ನಮ್ಮೂರು ಶುಂಟಾಕ್‌ನಲ್ಲಿ ಮದುವೆಯಾಗಲಿ, ಮಗುವಿಗೆ ತಿಂಗಳು ತುಂಬಿದ ಊಟವಾಗಲಿ, ಅಡುಗೆಗೆ ಜನ ಹುಡುಕಿಕೊಂಡು ಬರುತ್ತಿದ್ದದ್ದು ಲೈಕ್ವಾನ್ ಅತ್ತೆಯನ್ನೇ. ಹಬೆಯ ಪಾತ್ರೆಯ ಮುಚ್ಚಳ ತೆಗೆಯದೆ, ಹೊರಗೆ ಬರುವ ಆವಿಯನ್ನು ಮೂಸಿ ಮೀನು ಬೆಂದಿದೆಯೋ ಇಲ್ಲವೋ ಹೇಳುತ್ತಿದ್ದರು. ನಾನು ಅಮೆರಿಕದ ಟೊಲೀಡೊದಲ್ಲಿ ನೆಲೆನಿಂತ ಮೇಲೆ ಅವರನ್ನು ಕರೆಸಿಕೊಂಡೆ. ನನ್ನ ಗಂಡ ಚಿಹುಂಗ್ ವ್ಯಾನು ಓಡಿಸಿ ದಣಿದು ಬಂದವನು ಬೂಟು ಬಿಚ್ಚುವ ಮೊದಲು ಅಡುಗೆಮನೆಗೆ ಹೋಗಿ ಪಾತ್ರೆಗಳ ಮುಚ್ಚಳ ಎತ್ತಿ ನೋಡಿ ಅವರಿಂದ ಬೈಸಿಕೊಳ್ಳುತ್ತಿದ್ದ. ಅವನಿಗೆ ಅದಿಲ್ಲದೆ ದಿನ ಮುಗಿಯುತ್ತಿರಲಿಲ್ಲ.

ಮೂಗಿನ ಡಾಕ್ಟರು ಕೊಳವೆ ಹಾಕಿ ಒಳಗೆಲ್ಲ ನೋಡಿದರು. ಜ್ವರದಿಂದ ನರ ಸೋತಿದೆ, ಮರಳಿ ಬರಬಹುದು, ಬರದೆಯೂ ಇರಬಹುದು, ಔಷಧ ಅಂತ ಏನಿಲ್ಲ ಎಂದರು. ನಾನು ಅದನ್ನು ನಮ್ಮ ಭಾಷೆಯಲ್ಲಿ ಹೇಳಿದೆ. ಅತ್ತೆ ಕೈಚೀಲ ಎತ್ತಿಕೊಂಡು ಎದ್ದರು. "ಇಷ್ಟು ಹೇಳಕ್ಕೆ ಮೂಗಿಗೆ ಅಷ್ಟುದ್ದ ಕೊಳವೆ ಯಾಕೆ ತುರುಕಿದ ಇವನು?"

ಗುಟ್ಟು ರಟ್ಟಾದ ಮೇಲೆ ಅವರು ಒಲೆಯ ಹತ್ತಿರ ಹೋಗುವುದನ್ನೇ ಬಿಟ್ಟರು. ಮುಚ್ಚಿಡುವ ಹಟದಲ್ಲಿ ಅಷ್ಟು ದಿನ ಅಡುಗೆ ಮಾಡಿದ್ದರು ಅಂತ ಕಾಣುತ್ತದೆ. ಮೆಲ್ಲಗೆ ಊಟವನ್ನೂ ಬಿಟ್ಟರು. ನಾನು ನದಿಯಾಚೆಯ ಚೀನಿ ಅಂಗಡಿಗೆ ಹೋಗಿ ಅವರಿಗೆ ಪ್ರಾಣವಾದದ್ದನ್ನೆಲ್ಲ ಹೊತ್ತು ತಂದೆ: ಒಣಗಿಸಿದ ಉಪ್ಪುಮೀನು, ಕಿತ್ತಳೆ ಸಿಪ್ಪೆ, ಹುದುಗು ಬರಿಸಿದ ಕಪ್ಪು ಸೋಯಾ ಕಾಳು, ಹಸಿ ಶುಂಠಿ. ಅವರು ಕಲಿಸಿದ ಹಾಗೆಯೇ ಅಡುಗೆ ಮಾಡಿ ಬಡಿಸಿದೆ. ಒಂದು ತುತ್ತು ಬಾಯಿಗಿಟ್ಟು, ತುಂಬ ಹೊತ್ತು ಅಗಿದು, ಚಾಪ್‌ಸ್ಟಿಕ್ ಕೆಳಗಿಟ್ಟರು.

"ಚೆನ್ನಾಗಿಲ್ವಾ ಅತ್ತೆ?"

"ನೀನು ಸರಿಯಾಗೇ ಮಾಡಿರ್ತೀಯ. ತೊಂದರೆ ನಂದು. ಇದು ಹೇಗಿರಬೇಕು ಅಂತ ನನಗೆ ಗೊತ್ತಲ್ಲ, ಅದಕ್ಕೇ ನುಂಗಕ್ಕಾಗ್ತಿಲ್ಲ. ಮೇಣ ಅಗಿದ ಹಾಗಾಗುತ್ತೆ. ಮನೆಗೆ ಬಂದ್ರೆ ಮನೇಲಿ ಯಾರೂ ಇಲ್ಲ ಅನ್ನೋ ಹಾಗೆ."

ಬೇಸಿಗೆ ಮುಗಿಯುವ ಹೊತ್ತಿಗೆ ಅವರ ಕೆನ್ನೆ ಒಳಗೆ ಹೋಗಿತ್ತು. ಬಟ್ಟೆ ರಿಪೇರಿ ನನ್ನ ಕಸುಬು. ಅವರ ಪ್ಯಾಂಟುಗಳ ಸೊಂಟವನ್ನು ಮತ್ತೆ ಮತ್ತೆ ಹಿಡಿದು ಹೊಲಿಯುತ್ತಾ ನನಗೆ ಹೆದರಿಕೆಯಾಗುತ್ತಿತ್ತು. ಇನ್ನೂ ಇಳಿದರೆ ಆಸ್ಪತ್ರೆಗೆ ಸೇರಿಸಿ ನಳಿಗೆಯಲ್ಲಿ ಆಹಾರ ಕೊಡಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ ದಿನ, ಆಸ್ಪತ್ರೆಯಿಂದ ಬರುವಾಗ ದಾರಿಯ ಸೂಪರ್‌ ಮಾರ್ಕೆಟ್ಟಿನಲ್ಲಿ ಸೋಪಿನ ಪುಡಿ ಕೊಳ್ಳಲು ನಿಂತೆವು. ಅಷ್ಟು ವರ್ಷದಲ್ಲಿ ಅತ್ತೆ ಅದರೊಳಗೆ ಹೋದದ್ದೇ ಅಪರೂಪ. ಅಲ್ಲಿ ತಿನ್ನುವಂಥದ್ದು ಏನೂ ಸಿಗುವುದಿಲ್ಲ ಎಂಬುದು ಅವರ ತೀರ್ಮಾನ. ತಲೆ, ಕಾಲು, ಕರುಳು ಏನೂ ಇಲ್ಲದ ಮಾಂಸವನ್ನು ಅವರು ಮಾಂಸವೆಂದೇ ಒಪ್ಪುತ್ತಿರಲಿಲ್ಲ.

ತರಕಾರಿಯ ಹತ್ತಿರ ಡೋರೀನ್ ಎಂಬ ದಪ್ಪನೆಯ ಹೆಂಗಸು ಮೇಜು ಹಾಕಿಕೊಂಡು ಬಂದವರಿಗೆಲ್ಲ ರುಚಿ ತೋರಿಸುತ್ತಿದ್ದಳು. ಜೋಳದ ಚಿಪ್ಸಿನ ಮೇಲೆ ಹಸಿ ಟೊಮೆಟೊ, ಈರುಳ್ಳಿ, ಮೆಣಸಿನಕಾಯಿ ಕೊಚ್ಚಿದ ತಣ್ಣನೆಯ ಗೊಜ್ಜು. ಅತ್ತೆ ಬೇಡವೆನ್ನಲು ಕೈ ಎತ್ತಿದರು. ಡೋರೀನ್ ಆ ಕೈಯಲ್ಲೇ ಒಂದನ್ನು ಇಟ್ಟುಬಿಟ್ಟಳು. ಅತ್ತೆ ಮರ್ಯಾದೆಗೆಂದು ಬಾಯಿಗೆ ಹಾಕಿಕೊಂಡರು. ಕರಕರ ಸದ್ದು ನನಗೂ ಕೇಳಿಸಿತು. ಹುಬ್ಬು ಗಂಟಾಯಿತು, ಕಣ್ಣು ಕಿರಿದಾಯಿತು. ಆಮೇಲೆ ಅವರು ನುಂಗಿದರು.

ನಾನು ಅವರ ಗಂಟಲನ್ನೇ ನೋಡುತ್ತ ನಿಂತಿದ್ದೆ.

"ಇದು ಹೇಗಿರಬೇಕು?" ಎಂದು ಕೇಳಿದರು.

"ಹೀಗೇ ಇರುತ್ತೆ ಅತ್ತೆ. ಗರಿಗರಿ, ಉಪ್ಪು, ಹುಳಿ, ಆಮೇಲೆ ಸ್ವಲ್ಪ ಖಾರ."

"ಮತ್ತೆ ಎಲ್ಲಾ ಇದೆಯಲ್ಲ! ಏನೂ ಕಡಿಮೆಯಾಗಿಲ್ಲ." ಅವರು ಮತ್ತೊಂದಕ್ಕೆ ಕೈ ಚಾಚಿದರು.

ಆಗ ನನಗೆ ಹೊಳೆಯಿತು. ಅವರಿಗೆ ಗೊತ್ತಿಲ್ಲದ ತಿನಿಸಿನಲ್ಲಿ ಅವರು ಕಳೆದುಕೊಂಡದ್ದು ಏನೂ ಇರಲಿಲ್ಲ. ಸೋಪಿನ ಪುಡಿಯನ್ನು ಅಲ್ಲೇ ಬಿಟ್ಟು, ಅವರಿಗೆ ನೆನಪಿಲ್ಲದ ವಸ್ತುಗಳನ್ನೇ ಹುಡುಕಿ ತಳ್ಳುಗಾಡಿಗೆ ತುಂಬತೊಡಗಿದೆ.

ಚಿಹುಂಗ್ ಆ ಸಂಜೆ ಮೇಜಿನ ಮೇಲೆ ಹರಡಿದ್ದನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟ. "ಏನೇ ಇದು? ಸ್ಕೂಲು ಹುಡುಗರ ಪಾರ್ಟಿಯಾ?"

"ಅತ್ತೆಗೆ ಊಟ."

"ನಿನಗೆ ತಲೆ ಕೆಟ್ಟಿದೆ. ಸಾರು ಇಳೀದಿರೋ ಗಂಟಲಲ್ಲಿ ಈ ಕಸ ಇಳಿಯುತ್ತಾ?"

"ಇಳಿಸಿ ತೋರಿಸ್ತೀನಿ, ನೋಡ್ತಾ ಇರು."

ಹೇಳಿದಷ್ಟು ಸುಲಭವಾಗಿರಲಿಲ್ಲ. ಓಟ್ಸ್ ಬೇಯಿಸಿ ಕೊಟ್ಟೆ. ನೋಡಲು ಗಂಜಿಯ ಹಾಗಿತ್ತು, ಅವರು ಬಟ್ಟಲನ್ನೇ ಅತ್ತ ಸರಿಸಿದರು. ಉಂಡೆ ಉಂಡೆಯಾದ ಹಸಿ ಚೀಸಿನ ಡಬ್ಬಿ ತೆರೆದೆ. ನಮ್ಮೂರಲ್ಲಿ ಎಮ್ಮೆಹಾಲಿಗೆ ಎರಡು ಸಲ ಕೆನೆ ಕಟ್ಟಿಸಿ ಮಾಡುವ ಸಿಹಿ ನೆನಪಾಗಿ ಅವರ ಮುಖ ಬಾಡಿತು. ಊರಿನದಕ್ಕೆ ಹೋಲುವ ಯಾವುದೂ ನಡೆಯುವುದಿಲ್ಲವೆಂದು ನನಗೆ ಅರ್ಥವಾಯಿತು. ಕಡಲೆಕಾಯಿ ಬೆಣ್ಣೆ ಅಂಗುಳಕ್ಕೆ ಅಂಟಿಕೊಂಡು, ಅದನ್ನು ನಾಲಿಗೆಯಿಂದ ಬಿಡಿಸುವಷ್ಟರಲ್ಲಿ ಅವರಿಗೆ ರೇಗಿಹೋಯಿತು: "ಇದನ್ನ ಬಾಗಿಲ ಸಂದಿಗೆ ಮೆತ್ತು, ಗಾಳಿಯಾದ್ರೂ ನಿಲ್ಲುತ್ತೆ." ಹಸಿರು ಜೆಲ್ಲಿ ತಟ್ಟೆಯಲ್ಲಿ ಅಲ್ಲಾಡುವುದನ್ನು ಕಂಡು, "ಪಾಪ, ನನಗಿಂತ ಇದೇ ಹೆದರಿದೆ," ಎಂದರು. ಆದರೆ ಅದನ್ನು ಪೂರ್ತಿ ತಿಂದರು. ತಣ್ಣಗೆ ಜಾರಿಕೊಂಡು ಹೋಗುವುದು ಅವರಿಗೆ ಹಿಡಿಸಿತು.

ಹಸಿ ಸೆಲರಿಯ ದಪ್ಪ ದಂಟನ್ನು ಕೊಟ್ಟಾಗ ದೊಡ್ಡ ರಂಪವೇ ಆಯಿತು.

"ಬೇಯಿಸದೇ?"

"ಬೇಯಿಸದೇ."

"ನಾನೇನು ಮೊಲಾನಾ?"

"ಒಂದೇ ಒಂದು ಸಲ ಕಚ್ಚಿ ನೋಡಿ ಅತ್ತೆ. ಬೇಡ ಅಂದ್ರೆ ನಾನೇ ತಿಂತೀನಿ."

ಅವರಿಗೆ ಆ ವಯಸ್ಸಿನಲ್ಲೂ ಹಲ್ಲು ಗಟ್ಟಿ. ಕಟಕ್ಕನೆ ಮುರಿದ ದಂಟಿನಿಂದ ನೀರು ಚಿಮ್ಮಿ ಗದ್ದದ ಮೇಲೆ ಹರಿಯಿತು. ಕೊನೆಗೆ ನನಗೆ ಒಂದೂ ಉಳಿಸಲಿಲ್ಲ.

ಹೀಗೆ ವಾರಕ್ಕೆರಡು ಸಲ ಹೋಗುವುದು ರೂಢಿಯಾಯಿತು. ಒಂದೊಂದು ಸಲಕ್ಕೆ ಒಂದೊಂದು ಸಾಲು. ನಾನು ಡಬ್ಬಿಯ ಮೇಲಿನದನ್ನು ಓದಿ ಹೇಳುವುದು, ಅವರು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುವುದು. ಡೋರೀನಳಿಗೆ ನಾನು ವಿಷಯ ಹೇಳಿದ್ದೆ. ಅವಳು ಅವರನ್ನು ಕಂಡ ಕೂಡಲೇ ಮೇಜಿನ ಕೆಳಗಿನಿಂದ ಏನಾದರೂ ತೆಗೆದು, "ಬಾಮ್ಮ, ಇದನ್ನ ನೋಡು, ಇದು ಬಾಯಲ್ಲಿ ಪಟಾಕಿ," ಎನ್ನುತ್ತಿದ್ದಳು. ಅತ್ತೆ ನಮ್ಮ ಮಾತಿನಲ್ಲೇ ಉತ್ತರ ಕೊಡುತ್ತಿದ್ದರು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಆದರೂ ಗಂಟೆಗಟ್ಟಲೆ ನಿಲ್ಲುತ್ತಿದ್ದರು.

ಎಲೆ ಉದುರುವ ಕಾಲಕ್ಕೆ ಅವರ ಕೆನ್ನೆಗೆ ಸ್ವಲ್ಪ ಕಳೆ ಬಂತು. ಆಗಲೇ ಆ ಬಿಳಿ ಗೊಜ್ಜಿನ ಪ್ರಸಂಗ ನಡೆದದ್ದು.

ಅದನ್ನು ಇಲ್ಲಿಯವರು ಹಾರ್ಸ್‌ರ‍್ಯಾಡಿಶ್ ಎನ್ನುತ್ತಾರೆ. ಯಾವುದೋ ಬೇರನ್ನು ತುರಿದು ಹುಳಿ ಬೆರೆಸಿ ಸೀಸೆಗೆ ತುಂಬಿರುತ್ತಾರೆ. ದನದ ಮಾಂಸದ ಜೊತೆ ಒಂಚೂರು ನೆಂಚಿಕೊಳ್ಳುವುದು ರೂಢಿ. ನಾನು ಎಚ್ಚರಿಕೆ ಹೇಳುವ ಮೊದಲೇ ಅತ್ತೆ ಚಮಚ ತುಂಬ ತೆಗೆದು ಬಾಯಿಗೆ ಹಾಕಿಕೊಂಡರು. ಒಂದು ಕ್ಷಣ ಏನೂ ಆಗಲಿಲ್ಲ. ಮರುಕ್ಷಣ ಮುಖ ಕೆಂಪೇರಿತು, ಕಣ್ಣಿನಿಂದ ನೀರು ಧಾರೆಯಾಯಿತು. ಎರಡು ಕೈಯಿಂದಲೂ ಮೂಗು ಹಿಡಿದುಕೊಂಡರು.

"ಮೂಗು! ಕಾಯಿಂಗ್, ಮೂಗಿಗೆ ಬಂತು ಕಣೆ! ಒಳಗೆಲ್ಲ ಹೋಗ್ತಾ ಇದೆ! ಮೂಗು ಸತ್ತಿಲ್ಲ!"

ನನ್ನನ್ನು ತಬ್ಬಿಕೊಂಡು ಕುಣಿದುಬಿಟ್ಟರು. ನಾನೂ ಕುಣಿದೆ. ಚಿಹುಂಗ್ ಸ್ನಾನದ ಮನೆಯಿಂದ ಟವೆಲು ಸುತ್ತಿಕೊಂಡೇ ಓಡಿಬಂದ. ಅತ್ತೆ ಕಣ್ಣೊರೆಸಿಕೊಂಡು ನೇರ ಕಪಾಟಿಗೆ ಹೋದರು. ಹಿಂದೆ ಸರಿಸಿಟ್ಟಿದ್ದ ಉಪ್ಪುಮೀನಿನ ಪೊಟ್ಟಣ ತೆಗೆದು, ಬಿಚ್ಚಿ, ಮುಖವನ್ನೇ ಅದರೊಳಗೆ ಹುದುಗಿಸಿದರು.

ಅಡುಗೆಮನೆಯ ತುಂಬ ಉಪ್ಪುಮೀನಿನ ಘಾಟು ಹಬ್ಬಿತು. ನನಗೆ ಬಂತು, ಚಿಹುಂಗ್‌ಗೆ ಬಂತು. ಅವರು ಮತ್ತೊಮ್ಮೆ ಉಸಿರೆಳೆದರು. ಇನ್ನೊಮ್ಮೆ. ಆಮೇಲೆ ಪೊಟ್ಟಣವನ್ನು ಮಡಿಚಿ, ರಬ್ಬರು ಹಾಕಿ, ಇದ್ದಲ್ಲೇ ಇಟ್ಟು, ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಉರಿಗೂ ವಾಸನೆಗೂ ಸಂಬಂಧವಿಲ್ಲವಂತೆ. ಅದಕ್ಕೆ ಬೇರೆಯೇ ನರವಂತೆ. ಡಾಕ್ಟರಿಗೆ ಫೋನು ಮಾಡಿ ಕೇಳಿದಾಗ ಹೇಳಿದರು. ನಾನು ಬಾಗಿಲ ಹೊರಗೆ ನಿಂತು ಅದನ್ನು ಅತ್ತೆಗೆ ಹೇಳಿದೆ. ಆ ದಿನ ಅವರು ಉಣ್ಣಲಿಲ್ಲ, ಮರುದಿನವೂ ಇಲ್ಲ. ಬಾಗಿಲ ಮುಂದೆ ಇಟ್ಟ ತಟ್ಟೆ ಇಟ್ಟ ಹಾಗೆಯೇ ಇರುತ್ತಿತ್ತು.

ಚಿಹುಂಗ್ ಈ ಸಲ ಗೇಲಿ ಮಾಡಲಿಲ್ಲ. "ಇಷ್ಟು ದೂರ ಬಂದಿದ್ರಲ್ಲೇ," ಎಂದಷ್ಟೇ ಹೇಳಿ ತಟ್ಟೆ ಎತ್ತಿಕೊಂಡು ಹೋದ.

ಆಮೇಲಿನ ಬೆಳಿಗ್ಗೆ ನಾನು ಕೆಲಸಕ್ಕೆ ರಜೆ ಹಾಕಿ, ಹೇಗಾದರೂ ಬಾಗಿಲು ತೆಗೆಸಬೇಕೆಂದು ಎದ್ದೆ. ಹೋಗಿ ನೋಡಿದರೆ ಅತ್ತೆ ಅಡುಗೆಮನೆಯಲ್ಲಿ ಕೋಟು ಹಾಕಿಕೊಂಡು, ಸ್ಕಾರ್ಫು ಕಟ್ಟಿಕೊಂಡು ನಿಂತಿದ್ದರು. ಮುಂದೆ ಆ ಬಿಳಿ ಗೊಜ್ಜಿನ ಸೀಸೆ.

"ಎಲ್ಲಿಗೆ ಹೊರಟ್ರಿ?"

"ಅಂಗಡಿಗೆ. ಇದರ ಜೊತೆ ನೆಂಚ್ಕೊಳ್ಳಕ್ಕೆ ತಣ್ಣಗಿರೋ ಮಾಂಸ ಬೇಕು. ಬಿಸಿಯದು ಬೇಡ. ಅಲ್ಲಿ ಮಾಂಸದವನು ತೆಳ್ಳಗೆ ಕೊಯ್ದು ಕೊಡ್ತಾನಲ್ಲ, ಅದು."

"ಅತ್ತೆ..."

"ಅಳುಮೂತಿ ಮಾಡ್ಬೇಡ. ಮಲಗಿ ಮಲಗಿ ಯೋಚನೆ ಮಾಡಿದೆ. ಮೂಗು ಬರೋದಾದ್ರೆ ಬರ್ಲಿ, ಇಲ್ದಿದ್ರೆ ಹಾಳಾಗಿ ಹೋಗ್ಲಿ. ಇನ್ಮೇಲೆ ಅದಕ್ಕೆ ಕಾಯ್ತಾ ಕೂರಲ್ಲ ನಾನು. ಹಲ್ಲಿದೆ, ನಾಲಿಗೆ ಇದೆ, ಆ ಗೊಜ್ಜು ಹಾಕಿದ್ರೆ ಉರಿಯೋ ಜಾಗಾನೂ ಇದೆ. ಅಷ್ಟು ಇಟ್ಕೊಂಡು ಅಡುಗೆ ಮಾಡಕ್ಕೆ ಬರದಿದ್ರೆ ನಾನೆಂಥ ಅಡುಗೆಯವಳು? ಬೇಗ ಬೂಟು ಹಾಕ್ಕೋ."

ಅಂದಿನಿಂದ ಹುಡುಕಾಟ ಅವರ ಕೈಗೆ ಹೋಯಿತು. ಮೊದಲು ನಾನು ಕೊಟ್ಟದ್ದನ್ನು ತಿನ್ನುತ್ತಿದ್ದರು. ಈಗ ಬೇಕಾದದ್ದನ್ನು ಹುಡುಕಿ ಜೋಡಿಸತೊಡಗಿದರು. ತಣ್ಣನೆಯ ಟರ್ಕಿ ಕೋಳಿಯ ತೆಳು ಹಾಳೆಯ ಮೇಲೆ ಬಿಳಿ ಗೊಜ್ಜು ಸವರಿ, ಒಳಗೆ ಸೆಲರಿ ಇಟ್ಟು ಸುರುಳಿ ಸುತ್ತುವರು. ಕೆಂಪಗಿನ ಹುಳಿ ಕ್ರ್ಯಾನ್‌ಬೆರಿ ಹಣ್ಣನ್ನು ಹಸಿಯಾಗಿಯೇ ಜಜ್ಜಿ ಸಕ್ಕರೆ ಬೆರೆಸುವರು. ಹುಳಿ ಕೆನೆಗೆ ಪುದೀನ ಕೊಚ್ಚಿ ಹಾಕಿ, ಅದರ ಮೇಲೆ ಒಡೆದ ಚಿಪ್ಸ್ ಉದುರಿಸುವರು. ಒಂದು ಸಲ ಪುದೀನದ ತಂಪು ಮೂಗಿಗೇರಿದಾಗ ಕೈ ತಡೆದು ನಿಂತದ್ದನ್ನು ನಾನು ಕಂಡೆ. ಆದರೆ ಅವರು ಕಪಾಟಿನ ಕಡೆ ತಿರುಗಲಿಲ್ಲ. "ಇದು ತಣ್ಣಗೆ ಕೊರೆಯುತ್ತೆ, ಚೆನ್ನಾಗಿದೆ. ಜಾಸ್ತಿ ಹಾಕೋಣ," ಎಂದು ಕೊಚ್ಚುವುದನ್ನು ಮುಂದುವರಿಸಿದರು.

ಚಿಹುಂಗ್ ಮೊದಮೊದಲು ದೂರದಿಂದ ನೋಡುತ್ತಿದ್ದ. ಒಂದು ದಿನ ಸುರುಳಿಯೊಂದನ್ನು ಕದ್ದು ತಿಂದು, ಗೊಜ್ಜು ನೆತ್ತಿಗೇರಿ ಸಿಂಕಿನ ಹತ್ತಿರ ಓಡಿದ. ಅತ್ತೆ ಕೇಕೆ ಹಾಕಿ ನಕ್ಕರು. ಅವರು ಹಾಗೆ ನಕ್ಕು ಎಷ್ಟೋ ಕಾಲವಾಗಿತ್ತು.

ನಮ್ಮ ಚೀನಿ ಹೊಸ ವರ್ಷದ ಹಿಂದಿನ ದಿನ ಬಂತು. ಆ ರಾತ್ರಿಯ ಊಟಕ್ಕೆ ಇಡೀ ಮೀನು ಇರಲೇಬೇಕು. ಅತ್ತೆಯನ್ನು ಕೇಳಲು ನನಗೆ ಧೈರ್ಯವಿರಲಿಲ್ಲ, ಚಿಹುಂಗ್ ಕೇಳಿಬಿಟ್ಟ.

"ಅತ್ತೆ, ಮೀನು ನೀವೇ ಮಾಡ್ತೀರಾ?"

"ನಾನು ಮಾಡಲ್ಲ. ನೀನು ಮಾಡ್ತೀಯ."

"ನಾನಾ? ನನಗೆ ನೀರು ಕಾಯ್ಸಕ್ಕೂ ಬರಲ್ಲ!"

"ಇಷ್ಟು ವರ್ಷ ಮುಚ್ಚಳ ಎತ್ತೆತ್ತಿ ನೋಡಿದೀಯಲ್ಲ, ಸುಮ್ನೆ ಅಲ್ವಲ್ಲ? ಮೂಗಿರೋನು ನೀನು. ಏಪ್ರನ್ ಕಟ್ಕೋ."

ಅವರು ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತರು. ಅವನು ನದಿಯಾಚೆಯ ಅಂಗಡಿಯ ತೊಟ್ಟಿಯಿಂದ ತಂದ ಮೀನನ್ನು ತೊಳೆದ, ಶುಂಠಿ ಸೀಳಿದ, ಬೆರಳೂ ಕೊಯ್ದುಕೊಂಡ. ಹಬೆಗೆ ಇಟ್ಟ ಮೇಲೆ ಪಾತ್ರೆಯ ಸುತ್ತ ಹೆರಿಗೆ ಕೋಣೆಯ ಹೊರಗೆ ಅಲೆದಾಡುವ ಗಂಡಸಿನ ಹಾಗೆ ತಿರುಗಿದ.

"ಈಗ ಆವಿ ಮೂಸು. ಏನು ಬರುತ್ತೆ?"

"ಕೆರೆ ವಾಸನೆ."

"ಮುಟ್ಬೇಡ. ... ಈಗ?"

"ಕೆರೆ ಹೋಯ್ತು. ಶುಂಠಿ ಇದೆ. ಮತ್ತೆ ಏನೋ ಸಿಹಿ ಸಿಹಿ ಥರ."

"ತೆಗಿ! ನಿಂತ್ಕೊಂಡು ನನ್ನ ಮುಖ ನೋಡ್ಬೇಡ, ತೆಗಿ!"

ಅವನು ಈರುಳ್ಳಿ ಸೊಪ್ಪಿನ ಮೇಲೆ ಕಾದ ಎಣ್ಣೆ ಸುರಿದ. ಚುಂಯ್ ಎಂದ ಸದ್ದಿಗೆ ಅತ್ತೆ ತಲೆದೂಗಿದರು. ಮೀನು ಬಾಲದ ಕಡೆ ಸ್ವಲ್ಪ ಹೆಚ್ಚೇ ಬೆಂದಿತ್ತು. ಅವರು ಮರ್ಯಾದೆಗೆ ಒಂದು ಎಸಳು ಬಾಯಿಗಿಟ್ಟುಕೊಂಡು, "ಬಾಲ ಒಣಗಿದೆ. ಹೊಟ್ಟೆ ಭಾಗ ಮೆತ್ತಗಿದೆ. ಮೊದಲನೇ ಸಲಕ್ಕೆ ಅಡ್ಡಿಯಿಲ್ಲ," ಎಂದರು. ಆಮೇಲೆ ತಮ್ಮ ತಟ್ಟೆಯನ್ನು ಎಳೆದುಕೊಂಡರು. ಅದರಲ್ಲಿ ಬಿಳಿ ಗೊಜ್ಜಿನ ಸುರುಳಿಗಳು, ಕೆಂಪು ಹಣ್ಣಿನ ಚಟ್ನಿ, ಪುದೀನದ ಕೆನೆ. ಹಬ್ಬವೆಂದು ಎಲ್ಲವನ್ನೂ ಹೂವಿನ ಹಾಗೆ ಜೋಡಿಸಿಕೊಂಡಿದ್ದರು. ನಾವು ನಮ್ಮದನ್ನು ಉಂಡೆವು, ಅವರು ಅವರದನ್ನು ಉಂಡರು. ಮೂವರ ತಟ್ಟೆಯೂ ಖಾಲಿಯಾಯಿತು.

ಮರುದಿನ ಹಬ್ಬದ ಮೊದಲ ದಿನ. ಅತ್ತೆ ಹೊಸ ಕೆಂಪು ಜಾಕೀಟು ಹಾಕಿಕೊಂಡು ಬಂದರು. ಅದರ ಸೊಂಟವನ್ನು ನಾನು ಸ್ವಲ್ಪ ಬಿಚ್ಚಿ ಹೊಲಿಯಬೇಕಾಗಿ ಬಂದಿತ್ತು.

"ಅಂಗಡಿ ತೆರೆದಿರುತ್ತಾ?"

"ಇಲ್ಲಿಯವರಿಗೆ ಇವತ್ತು ಹಬ್ಬ ಅಲ್ವಲ್ಲ, ತೆರೆದಿರುತ್ತೆ."

"ಒಳ್ಳೇದಾಯ್ತು. ನಡಿ."

ಡೋರೀನ್ ಅವರ ಜಾಕೀಟು ಮುಟ್ಟಿ ನೋಡಿ ಬಾಯಿ ತುಂಬ ಹೊಗಳಿದಳು. ಅತ್ತೆ ತರಕಾರಿಯ ಸಾಲಿನಲ್ಲಿ ಒಂದು ಕಡೆ ನಿಂತುಬಿಟ್ಟರು. ಪದರ ಪದರವಾದ, ಪ್ರತಿ ಪದರದ ತುದಿಗೂ ಮುಳ್ಳಿದ್ದ ಹಸಿರು ಗಡ್ಡೆಯಂಥದೊಂದನ್ನು ಎತ್ತಿ ಹಿಡಿದರು.

"ಇದೇನೇ? ತರಕಾರಿಯಾ, ಆಯುಧಾನಾ?"

"ಆರ್ಟಿಚೋಕ್ ಅಂತ. ನಾನೂ ತಿಂದಿಲ್ಲ."

ಡೋರೀನ್ ತಾನೇ ಬಂದು ತೋರಿಸಿದಳು. ಬೇಯಿಸಬೇಕು, ಒಂದೊಂದೇ ಪದರ ಕೀಳಬೇಕು, ಬುಡವನ್ನು ಹಲ್ಲಿನ ಮಧ್ಯೆ ಇಟ್ಟು ಹೀಗೆ ಎಳೆಯಬೇಕು, ಉಳಿದದ್ದನ್ನು ಬಿಸಾಕಬೇಕು. ಅವಳು ಬರಿಯ ಗಾಳಿಯನ್ನೇ ಕಚ್ಚಿ ಎಳೆದು ತೋರಿಸಿದಳು. ಅತ್ತೆಯೂ ಹಾಗೆಯೇ ಮಾಡಿದರು. ಹಿಂದೆ ನಿಂತಿದ್ದವರು ಗಾಡಿ ತಿರುಗಿಸಿಕೊಂಡು ಬೇರೆ ಕಡೆ ಹೋದರು.

"ಇಷ್ಟೊಂದು ಕೆಲಸಕ್ಕೆ ತಿನ್ನಕ್ಕೆ ಸಿಗೋದು ಉಗುರಿನಷ್ಟು ಅತ್ತೆ. ಬೇಡ ಬಿಡಿ," ಎಂದೆ.

"ಸಿಕ್ಕಷ್ಟು ಸಿಗ್ಲಿ." ಅವರು ಒಂದನ್ನು ಗಾಡಿಗೆ ಹಾಕಿ, ಸ್ವಲ್ಪ ಯೋಚಿಸಿ, ಚಿಹುಂಗ್‌ಗೆಂದು ಇನ್ನೊಂದನ್ನೂ ಹಾಕಿದರು. "ಮಧ್ಯಾಹ್ನ ಪೂರ್ತಿ ಕೂತು ಬಿಡಿಸೋಣ. ಅವನು ಮುಳ್ಳು ಚುಚ್ಚಿಸ್ಕೊಳ್ಳೋದನ್ನ ನೋಡ್ಬೇಕು ನಾನು."